ಕೂಗು ನಿಂತ ಊರಿನಲ್ಲಿ ಮೂರು ದಿನ

ಮೊದಲ ದಿನ: ಪೇಪರ್ ಟೌನ್

ಭದ್ರಾವತಿಗೆ ಬಸ್ಸಿಗಿಂತ ರೈಲಿನಲ್ಲಿ ಬರುವುದೇ ಚೆನ್ನ. ಬೀರೂರಿನಲ್ಲಿ ಮುಖ್ಯ ಹಳಿ ಬಿಟ್ಟು ಶಿವಮೊಗ್ಗದ ಕವಲಿಗೆ ಹೊರಳಿದ ಗಾಡಿ, ತರೀಕೆರೆ ದಾಟಿದ ಮೇಲೆ ತೆಂಗು, ಅಡಿಕೆ, ಗದ್ದೆ, ಕಬ್ಬು ಎಂದು ಒಂದೊಂದನ್ನೇ ತೋರಿಸುತ್ತ ಊರಿಗೆ ತಂದು ಬಿಡುತ್ತದೆ. ದೀಪಾವಳಿ ಕಳೆದ ಮೇಲೆ ಹೊರಡಬೇಕು. ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಂದರೆ ಎರಡನೇ ದಿನದ ಗುಡ್ಡವೂ ಕಾಣದು, ಮೂರನೇ ದಿನದ ನೆಡುತೋಪಿನ ದಾರಿಯೂ ಇರದು.

ಊರಿನ ಹಳೆಯ ಹೆಸರು ಬೆಂಕಿಪುರ. ಕುಲುಮೆ ಬರುವ ಮೊದಲೇ ಆ ಹೆಸರಿತ್ತು, ಕುಲುಮೆ ಬಂದ ಮೇಲೆ ಹೋಯಿತು! ಈಗಿನ ಭದ್ರಾವತಿಯೊಳಗೆ ಮೂರು ಊರುಗಳಿವೆ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ ದೇವಸ್ಥಾನವಿರುವ ಹಳೇನಗರ, ಕಬ್ಬಿಣದ ಕಾರ್ಖಾನೆಯ ನ್ಯೂಟೌನ್, ಕಾಗದದ ಗಿರಣಿಯ ಪೇಪರ್ ಟೌನ್. ಗಿರಣಿ ನಿಂತಿದ್ದರೂ ಪೇಪರ್ ಟೌನ್ ಪೊಲೀಸ್ ಠಾಣೆ ಇದೆ, ಪೇಪರ್ ಟೌನ್ ವಿಳಾಸಕ್ಕೆ ಕಾಗದಗಳು ಬರುತ್ತಲೇ ಇವೆ. ಆಟೊದವರಿಗೆ ‘ಎಂಪಿಎಂ’ ಎಂದರೆ ಸಾಕು, ಮೈಸೂರು ಪೇಪರ್ ಮಿಲ್ಸ್ ಎಂದು ಪೂರ್ತಿ ಹೇಳಿದರೆ ಹೊರಗಿನವರೆಂದು ಗೊತ್ತಾಗುತ್ತದೆ. ಗೇಟಿನೆದುರಿನ ಚಹಾದಂಗಡಿಯಲ್ಲಿ ಹೇಗೂ ಗೊತ್ತಾಗುತ್ತದೆ. ಹೆಗಲಿಗೆ ಕ್ಯಾಮೆರಾ ಕಂಡರೆ ಕೇಳುವ ಮೊದಲ ಮಾತೇ ‘ಫ್ಯಾಕ್ಟ್ರಿ ನೋಡಕ್ ಬಂದ್ರಾ ಸಾರ್, ತಗಳಕ್ ಬಂದ್ರಾ?’ ಅನ್ನುವುದು.

ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1936ರಲ್ಲಿ ಕಂಪನಿ ಹುಟ್ಟಿತು. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1980ರ ದಶಕದಲ್ಲಿ ವರ್ಷಕ್ಕೆ 75,000 ಟನ್ ಪತ್ರಿಕಾ ಕಾಗದ ತಯಾರಿಸುವ ಘಟಕ ಬಂತು. ಬರೆಯುವ, ಮುದ್ರಿಸುವ ಕಾಗದ ಸೇರಿದರೆ ಒಟ್ಟು 1,05,000 ಟನ್ ಸಾಮರ್ಥ್ಯ. ಪಕ್ಕದಲ್ಲೇ ದಿನಕ್ಕೆ 2,500 ಟನ್ ಕಬ್ಬು ಅರೆಯುವ ಸಕ್ಕರೆ ಕಾರ್ಖಾನೆ. 2015ರ ಕೊನೆಗೆ ಉತ್ಪಾದನೆ ನಿಂತಿತು. ಕೆಲವರು ಸ್ವಯಂ ನಿವೃತ್ತಿ ತೆಗೆದುಕೊಂಡರು, ಕೆಲವರು ಬೇರೆ ಇಲಾಖೆಗಳಿಗೆ ಹೋದರು.

ಒಳಗೆ ಬಿಡುವುದಿಲ್ಲ. ಬಿಟ್ಟರೂ ನಿಂತ ಯಂತ್ರ ನೋಡಿ ತಿಳಿಯುವುದು ಕಡಿಮೆ. ಗೋಡೆಯಾಚೆ ಏನು ನಡೆಯುತ್ತಿತ್ತು ಎಂಬುದನ್ನು ತಿಳಿದುಕೊಂಡು ಗೋಡೆಯ ಸುತ್ತ ನಡೆಯುವುದು ವಾಸಿ.

ಪತ್ರಿಕಾ ಕಾಗದಕ್ಕೆ ಎರಡು ಬಗೆಯ ತಿರುಳು ಬೇಕು. ಮುಕ್ಕಾಲು ಪಾಲಿನಷ್ಟು ಅಗ್ಗದ್ದು, ಉಳಿದದ್ದು ಗಟ್ಟಿಯದ್ದು. ಗಟ್ಟಿಯದ್ದು ಬೇಯಿಸಿದ ತಿರುಳು. ಮರವನ್ನು ಒಂದಂಗುಲದಷ್ಟು ಚಕ್ಕೆ ಮಾಡಿ ಡೈಜೆಸ್ಟರಿಗೆ ತುಂಬಿ, ಕಾಸ್ಟಿಕ್ ಸೋಡಾ ಮತ್ತು ಸೋಡಿಯಂ ಸಲ್ಫೈಡಿನ ದ್ರಾವಣ ಬಿಟ್ಟು, 165ರಿಂದ 170 ಡಿಗ್ರಿಯಲ್ಲಿ ಒತ್ತಡ ಕೊಟ್ಟು ಬೇಯಿಸುತ್ತಾರೆ. ಎಳೆಗಳನ್ನು ಅಂಟಿಸಿಟ್ಟ ಲಿಗ್ನಿನ್ ಕರಗಿ ಕಪ್ಪು ನೀರಾಗುತ್ತದೆ. ಮರದ ಒಣತೂಕದ ಅರ್ಧಕ್ಕಿಂತ ಕಡಿಮೆ ತಿರುಳು ಕೈಗೆ ಬರುತ್ತದೆ. ಅಗ್ಗದ್ದು ಕೋಲ್ಡ್ ಸೋಡಾ ತಿರುಳು. ನೀಲಗಿರಿ ಚಕ್ಕೆಯನ್ನು ಬೇಯಿಸದೆ ಕಾಸ್ಟಿಕ್‌ನಲ್ಲಿ ನೆನೆಸಿ, ಎದುರುಬದುರು ತಿರುಗುವ ಉಕ್ಕಿನ ತಟ್ಟೆಗಳ ನಡುವೆ ಅರೆಯುವುದು. ಅಕ್ಕಿ ನೆನೆಹಾಕಿ ರುಬ್ಬಿದ ಹಾಗೆ. ಇದರಲ್ಲಿ ನೂರಕ್ಕೆ 85ರ ಮೇಲೆ ತಿರುಳು ಸಿಗುತ್ತದೆ, ಆದರೆ ಟನ್ನಿಗೆ ಸಾವಿರ ಯೂನಿಟ್ ಮೀರಿ ವಿದ್ಯುತ್ ಬೇಕು. ಲಿಗ್ನಿನ್ ಬಹುಪಾಲು ಒಳಗೇ ಉಳಿಯುತ್ತದೆ. ಪತ್ರಿಕೆಯನ್ನು ಎರಡು ದಿನ ಬಿಸಿಲಿಗಿಟ್ಟರೆ ಹಳದಿಯಾಗುವುದು ಅದಕ್ಕೇ.

ಆಮೇಲೆ ಯಂತ್ರ. ವೈರ್ ಎಂಬ ಜಾಲರಿಯ ಮೇಲೆ ಬೀಳುವಾಗ ನೂರು ಲೀಟರ್ ನೀರಿನಲ್ಲಿ ತಿರುಳು ಒಂದು ಕಿಲೋ ಕೂಡ ಇರುವುದಿಲ್ಲ. ಜಾಲರಿ ದಾಟುವಾಗ ಶೇಕಡ 20 ಒಣಗಿರುತ್ತದೆ, ಫೆಲ್ಟ್ ಎಂಬ ಉಣ್ಣೆ ಕಂಬಳಿಯ ನಡುವೆ ಹಿಂಡಿದಾಗ ಸುಮಾರು 40. ಇನ್ನುಳಿದ ನೀರನ್ನು ಹಬೆ ತುಂಬಿದ ಉರುಳೆಗಳು ಒಣಗಿಸಬೇಕು. ಒಂದು ಟನ್ ಕಾಗದಕ್ಕೆ ಅಲ್ಲಿ ಹಾರಿಹೋಗುವ ನೀರೇ 1.3 ಟನ್. ಹಿಂಡುವಾಗ ಶೇಕಡ 1 ಹೆಚ್ಚು ಒಣಗಿಸಿಕೊಂಡರೆ ಹಬೆಯಲ್ಲಿ ಶೇಕಡ 4ರಷ್ಟು ಉಳಿಯುತ್ತದೆ ಎಂಬುದು ಗಿರಣಿಯವರ ಬಾಯಿಲೆಕ್ಕ. ಹಳೇ ಯಂತ್ರ ಹೊಸ ಯಂತ್ರಕ್ಕೆ ಸೋಲುವುದು ಇಂಥ ಕಡೆ. ಸವೆದ ಫೆಲ್ಟನ್ನು ಇನ್ನೊಂದು ವಾರ ಓಡಿಸೋಣ ಎಂದು ಬಿಟ್ಟರೆ ಆ ವಾರದ ಕಲ್ಲಿದ್ದಲ ಬಿಲ್ಲು ಉತ್ತರ ಹೇಳುತ್ತದೆ.

ಒಂದು ಚದರ ಮೀಟರಿಗೆ 48.8 ಗ್ರಾಂ ತೂಗುವ ಕಾಗದವನ್ನು 75 ಸೆಂಟಿಮೀಟರ್ ಅಗಲದಲ್ಲಿ ಸುತ್ತಿದರೆ 400 ಕಿಲೋ ರೀಲಿನಲ್ಲಿ ಸುಮಾರು 11 ಕಿಲೋಮೀಟರ್ ಕಾಗದ ಇರುತ್ತದೆ. ಇಲ್ಲಿಂದ ಶಿವಮೊಗ್ಗಕ್ಕೆ ಹಾಸಲು ಎರಡು ರೀಲು ಸಾಕು. ನಡುವೆ ಎಲ್ಲೂ ತೂತಿರಬಾರದು, ಅದೇ ಕಷ್ಟ. ಬೆಚ್ಚನೆಯ ನೀರಿನಲ್ಲಿ ಲೋಳೆ ಬೆಳೆಯುತ್ತದೆ, ಬಟಾಣಿಯಷ್ಟು ಲೋಳೆ ಕಳಚಿ ಕಾಗದದ ಮೇಲೆ ಕೂತರೆ ಅಲ್ಲಿ ತೂತು, ತೂತಿದ್ದಲ್ಲಿ ಕಾಗದ ಹರಿಯುತ್ತದೆ. ಇದಕ್ಕೆ ‘ಬ್ರೇಕ್’ ಎನ್ನುತ್ತಾರೆ. ಹರಿದ ತುದಿಯನ್ನು ಮತ್ತೆ ಉರುಳೆಗಳ ಮೂಲಕ ದಾಟಿಸುವವರೆಗೆ ಬಂದದ್ದೆಲ್ಲ ವಾಪಸ್ಸು ತಿರುಳಿನ ತೊಟ್ಟಿಗೆ. ಬಿದಿರು ಬಳಸಿದರೆ ಇನ್ನೊಂದು ತಾಪತ್ರಯ. ಬಿದಿರಿನ ಸಿಲಿಕಾ ಕಪ್ಪುನೀರಿಗೆ ಸೇರಿ, ರಾಸಾಯನಿಕವನ್ನು ಮರಳಿ ಪಡೆಯಲು ಆ ನೀರನ್ನು ಕಾಯಿಸುವ ಕೊಳವೆಗಳ ಒಳಗೆ ಗಾಜಿನಂತೆ ಕೂರುತ್ತದೆ, ಆ ಕೆಲಸಕ್ಕೆ ಬೇಕಾದ ಸುಣ್ಣವನ್ನು ಸುಟ್ಟು ಮತ್ತೆ ಬಳಸಲೂ ಬಿಡುವುದಿಲ್ಲ.

‘ಸ್ವಿಚ್ ಹಾಕಿದ್ರೆ ಮಿಲ್ ಶುರು’ ಎಂಬ ಭರವಸೆ ಚುನಾವಣೆಗೊಮ್ಮೆ ಕೇಳಿಬರುತ್ತದೆ. ನಿಂತ ಗಿರಣಿಗೆ ಹತ್ತು ಮಳೆಗಾಲ ಏನು ಮಾಡುತ್ತದೆಂದು ಬಲ್ಲವರು ಹೀಗೆನ್ನಲಾರರು. ತಿರುಗದೆ ಕೂತ ಉರುಳೆಗಳ ರಬ್ಬರ್ ಹೊದಿಕೆ ಒಂದೇ ಬದಿ ಚಪ್ಪಟೆಯಾಗುತ್ತದೆ. ಬೇರಿಂಗಿನ ಗುಂಡುಗಳು ಕೂತಲ್ಲೇ ತಗ್ಗು ಮಾಡಿಕೊಳ್ಳುತ್ತವೆ, ಆಮೇಲೆ ತಿರುಗಿಸಿದರೆ ಗಡಗಡ ಶಬ್ದ. ಮಲೆನಾಡಿನ ತೇವ ಕುಡಿದ ಮೋಟಾರಿಗೆ ವಿದ್ಯುತ್ ಕೊಟ್ಟರೆ ಸುತ್ತು ಸುಟ್ಟೇ ಹೋಗುತ್ತದೆ, ಮೊದಲು ಬಿಸಿಗಾಳಿಯಲ್ಲಿ ದಿನಗಟ್ಟಲೆ ಒಣಗಿಸಬೇಕು. ಬಾಯ್ಲರ್ ಕೊಳವೆಯಲ್ಲಿ ಅರೆಬರೆ ನೀರು ಬಿಟ್ಟಿದ್ದರೆ ನೀರು–ಗಾಳಿ ಕೂಡುವ ಗೆರೆಯಲ್ಲೇ ತುಕ್ಕು ಹಿಡಿಯುತ್ತದೆ. ಪೂರ್ತಿ ತುಂಬಿಡಬೇಕು, ಇಲ್ಲವೇ ಪೂರ್ತಿ ಒಣಗಿಸಿ ಮುಚ್ಚಬೇಕು. ಖಾಲಿ ಮಾಡದ ತೊಟ್ಟಿಯಲ್ಲಿ ತಿರುಳು ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಮೊದಲು ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ, ಗಾಳಿಯಲ್ಲಿ ಹೆಚ್ಚಾದಾಗ ಮೂಗೇ ಸತ್ತು ವಾಸನೆ ತಿಳಿಯದು. ಆಗ ಇಳಿದವರು ಮೇಲೆ ಬರುವುದಿಲ್ಲ. ಯಾವ ಕಾಗದದ ಗಿರಣಿಯ ತೊಟ್ಟಿಗೂ ಗಾಳಿ ಪರೀಕ್ಷಿಸದೆ ಇಳಿಯಬಾರದು.

ಸಂಜೆ ಭದ್ರಾ ನದಿಯ ದಂಡೆಗೆ ಹೋಗಿ. ಹಳೇ ಕಾಲದ ಭಾರತೀಯ ಗಿರಣಿಗಳು ಟನ್ ಕಾಗದಕ್ಕೆ 150ರಿಂದ 200 ಘನಮೀಟರ್ ನೀರು ಕುಡಿಯುತ್ತಿದ್ದವು. ವಾಪಸ್ಸು ಬರುವ ನೀರಿನ ಕಂದುಬಣ್ಣ ಲಿಗ್ನಿನ್ನಿನದು, ಸಂಸ್ಕರಣಾ ಕೊಳದ ಸೂಕ್ಷ್ಮಜೀವಿಗಳು ಅದನ್ನು ಸುಲಭಕ್ಕೆ ತಿನ್ನುವುದಿಲ್ಲ. ಹೊಳೆಯ ಕೆಳಗಿನ ಹಳ್ಳಿಯವರ ದೂರು ಅದೇ ಆಗಿತ್ತು. ಗಿರಣಿ ನಿಂತದ್ದಕ್ಕೆ ಊರೆಲ್ಲ ಅಳುವಾಗ ಹೊಳೆಯ ಕಡೆಯ ಮಾತು ಬೇರೆ ಇದೆ, ಅದನ್ನೂ ಕೇಳಿಸಿಕೊಂಡೇ ಬರಬೇಕು. ರಾತ್ರಿ ಕೋಣೆಯಲ್ಲಿ ರೇಡಿಯೊ ಇದ್ದರೆ 675 ಕಿಲೋಹರ್ಟ್ಸ್‌ಗೆ ತಿರುಗಿಸಿ. 1965ರಲ್ಲಿ ಶುರುವಾದ ಭದ್ರಾವತಿ ಆಕಾಶವಾಣಿ ಕಾರ್ಖಾನೆಯ ಮೂರು ಪಾಳಿಯ ಸೈರನ್ ಕೂಗಿನ ಜತೆಗೇ ಈ ಊರಿಗೆ ಹೊತ್ತು ಹೇಳುತ್ತ ಬಂದದ್ದು.

ಎರಡನೇ ದಿನ: ನ್ಯೂಟೌನಿನಿಂದ ಕೆಮ್ಮಣ್ಣುಗುಂಡಿಗೆ

ಬೆಳಗ್ಗೆ ನ್ಯೂಟೌನ್. 1923ರ ಜನವರಿಯಲ್ಲಿ ಇಲ್ಲಿ ಮೊದಲ ಬೀಡು ಕಬ್ಬಿಣ ಹರಿಯಿತು. ಕಲ್ಲಿದ್ದಲಿಲ್ಲದ ಮೈಸೂರು ಸೀಮೆಯಲ್ಲಿ ಇದ್ದಿಲಿನಿಂದಲೇ ಊದುಕುಲುಮೆ ನಡೆಸುವುದು ಯೋಜನೆ. ಕಾರ್ಖಾನೆಯ ಮೊದಲ ಹೆಸರಿನಲ್ಲೇ ‘ಮರದ ಬಟ್ಟಿ’ ಸೇರಿತ್ತು. ಮುಚ್ಚಿದ ಪಾತ್ರೆಯಲ್ಲಿ ಕಟ್ಟಿಗೆ ಕಾಯಿಸಿ, ಹೊಗೆಯನ್ನು ತಣಿಸಿ ಮೆಥೈಲ್ ಆಲ್ಕೋಹಾಲ್, ಡಾಂಬರು, ಸುಣ್ಣದ ಅಸಿಟೇಟ್ ತೆಗೆಯುವುದು, ಉಳಿದ ಇದ್ದಿಲು ಕುಲುಮೆಗೆ. ಒಂದು ಟನ್ ಕಬ್ಬಿಣಕ್ಕೆ ಹೆಚ್ಚುಕಡಿಮೆ ಒಂದು ಟನ್ ಇದ್ದಿಲು, ಅಷ್ಟು ಇದ್ದಿಲಿಗೆ ನಾಲ್ಕು ಟನ್ ಕಟ್ಟಿಗೆ. ಹೀಗಾಗಿ ಕಾಡು ಎಲ್ಲಿಯವರೆಗೆ ಹತ್ತಿರವೋ ಅಲ್ಲಿಯವರೆಗೆ ಲೆಕ್ಕ ಸರಿ. ಕಾಡು ದೂರ ಸರಿದಂತೆ ಕಟ್ಟಿಗೆಯ ಸಾಗಣೆ ಕಬ್ಬಿಣದ ಬೆಲೆಯನ್ನೇ ನುಂಗುತ್ತದೆ. 1948ರಲ್ಲಿ ಜೋಗದ ವಿದ್ಯುತ್ ಬಂದ ಮೇಲೆ, ಮುಂದಿನ ದಶಕದಲ್ಲಿ ವಿದ್ಯುತ್ ಕುಲುಮೆಗಳನ್ನು ಹಾಕಿದ್ದಕ್ಕೆ ಇದೇ ಕಾರಣ.

1923ರಿಂದ 1929ರವರೆಗೆ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಕಾರ್ಖಾನೆಗೆ ಬಂದದ್ದು 1970ರ ದಶಕದಲ್ಲಿ. 1989ರಲ್ಲಿ ಕೇಂದ್ರ ಸರ್ಕಾರದ ಭಾರತೀಯ ಉಕ್ಕು ಪ್ರಾಧಿಕಾರದ ಅಂಗಸಂಸ್ಥೆಯಾಯಿತು, 1998ರಲ್ಲಿ ಅದರಲ್ಲೇ ವಿಲೀನವಾಯಿತು. ಮಾರುವ ಪ್ರಯತ್ನವನ್ನು ಕೇಂದ್ರ ಸರ್ಕಾರ 2022ರಲ್ಲಿ ಕೈಬಿಟ್ಟಿತು. 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುವ ತೀರ್ಮಾನವಾಯಿತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಕೂತರು. ಆಗಸ್ಟ್‌ನಲ್ಲಿ ಬಾರ್ ಮಿಲ್ ಮಾತ್ರ ಮತ್ತೆ ತಿರುಗಿತು, ಹೊರಗಿನಿಂದ ತಂದ ಉಕ್ಕಿನ ಗಟ್ಟಿಗಳನ್ನು ಕಾಯಿಸಿ ಸರಳು ಮಾಡುವಷ್ಟಕ್ಕೆ.

ಬಾರ್ ಮಿಲ್ ತಿರುಗಿಸುವುದು ಸುಲಭ, ಊದುಕುಲುಮೆ ಹೊತ್ತಿಸುವುದು ಕಷ್ಟ. ಸಕ್ಕರೆ ಕಾರ್ಖಾನೆ ಹಂಗಾಮು ಮುಗಿದೊಡನೆ ನಿಲ್ಲುತ್ತದೆ, ಕುಲುಮೆಗೆ ಹಂಗಾಮಿಲ್ಲ. ಕಬ್ಬಿಣ ಹೊರಬರುವ ಬಾಯಿ ತಳಕ್ಕಿಂತ ಮೇಲಿರುತ್ತದೆ, ಅದರ ಕೆಳಗೆ ಉಳಿದ ದ್ರವಲೋಹ ಕುಲುಮೆ ಆರಿದಾಗ ಹೆಪ್ಪುಗಟ್ಟಿ ದೊಡ್ಡ ಬಂಡೆಯಾಗುತ್ತದೆ. ಒಳಗಿನ ಬೆಂಕಿ ಇಟ್ಟಿಗೆ ತಣಿಯುವಾಗ ಸೀಳು ಬಿಡುತ್ತದೆ. ಮತ್ತೆ ಹಚ್ಚಬೇಕೆಂದರೆ ಬಂಡೆ ಒಡೆದು ತೆಗೆದು, ಇಟ್ಟಿಗೆ ಪೂರ್ತಿ ಬಿಚ್ಚಿ ಕಟ್ಟಬೇಕು.

2001ರ ಜನಗಣತಿಯಲ್ಲಿ ಭದ್ರಾವತಿಯ ಜನ ಸುಮಾರು 1.60 ಲಕ್ಷ, 2011ರಲ್ಲಿ ಸುಮಾರು 1.51 ಲಕ್ಷ. ಅಂದರೆ ಗಿರಣಿ ನಿಲ್ಲುವ ಮೊದಲೇ ಊರು ಕರಗತೊಡಗಿತ್ತು. ಹೊಸ ನೇಮಕ ನಿಂತರೆ ಮಕ್ಕಳು ಬೆಂಗಳೂರಿಗೆ ಬಸ್ಸು ಹತ್ತುತ್ತಾರೆ, ಗೇಟಿಗೆ ಬೀಗ ಬೀಳುವವರೆಗೆ ಕಾಯುವುದಿಲ್ಲ.

ತಿಂಡಿ ಮುಗಿಸಿ ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿ ದಾರಿಯಲ್ಲಿ ಹೊರಟರೆ ಸುಮಾರು ಎರಡು ಗಂಟೆಗೆ ಕೆಮ್ಮಣ್ಣುಗುಂಡಿ. ತರೀಕೆರೆಯಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ. ರಾತ್ರಿ ಅಲ್ಲೇ ಉಳಿಯುವುದಾದರೆ ತೋಟಗಾರಿಕೆ ಇಲಾಖೆಯ ಅತಿಥಿಗೃಹದಲ್ಲಿ ಮೊದಲೇ ಕೋಣೆ ಹೇಳಿಡಬೇಕು. ಬಂದವರೆಲ್ಲ ಗುಲಾಬಿ ತೋಟ, ಝಡ್ ಪಾಯಿಂಟ್ ನೋಡುತ್ತಾರೆ. ಊರಿನ ಹೆಸರಿನಲ್ಲಿರುವ ಕೆಮ್ಮಣ್ಣು ಮಾತ್ರ ಅದಿರು. ಬೂಟಿನ ಅಡಿಗೆ ಹತ್ತಿ ಭಾರವಾಗುವ ಆ ಕೆಂಪು ಭದ್ರಾವತಿಯ ಕುಲುಮೆಗೆ ಇಳಿಯುತ್ತಿತ್ತು. 1,434 ಮೀಟರ್ ಎತ್ತರದ ಈ ಗುಡ್ಡದಿಂದ ಕೆಳಗಿನ ತಣಿಗೆಬೈಲಿಗೆ ರೋಪ್‌ವೇ, ಅಲ್ಲಿಂದ ಮುಂದಕ್ಕೆ ಕಿರುಹಳಿಯ ಗಾಡಿ ಇತ್ತು. ಇಷ್ಟು ಇಳಿಜಾರಿನ ರೋಪ್‌ವೇ ನಡೆಸಲು ಎಂಜಿನ್ನಿಗಿಂತ ಬ್ರೇಕಿನ ಕೆಲಸ ಹೆಚ್ಚು. ಅದಿರು ತುಂಬಿದ ತೊಟ್ಟಿಲು ಇಳಿಯುವಾಗ ಖಾಲಿ ತೊಟ್ಟಿಲನ್ನು ತಾನೇ ಮೇಲಕ್ಕೆಳೆಯುತ್ತದೆ, ಅದು ಓಟ ಕೀಳದಂತೆ ತಡೆಯಬೇಕು ಅಷ್ಟೆ. ಉಳಿದಿರುವ ಕುರುಹು ಹುಡುಕಲು ಕಾಡಿನೊಳಗೆ ನುಗ್ಗಬೇಡಿ, ಕೆಳಗಿನದು ಭದ್ರಾ ಹುಲಿ ಸಂರಕ್ಷಿತ ಪ್ರದೇಶದ ಸೆರಗು. ಮಧ್ಯಾಹ್ನ ಮೂರರ ಮೇಲೆ ಮಂಜು ಮುಚ್ಚಿದರೆ ಘಾಟಿಯಲ್ಲಿ ಎದುರಿನ ಗಾಡಿ ಹತ್ತು ಮಾರಿನಲ್ಲಿ ಮಾತ್ರ ಕಾಣುತ್ತದೆ. ಬೇಗ ಇಳಿದು ಶಿವಮೊಗ್ಗ ಸೇರುವುದು ಕ್ಷೇಮ.

ಮೂರನೇ ದಿನ: ಸಾಗರ ರಸ್ತೆ

ಅದಿರಿನ ದಾರಿ ಒಂದೇ ಗುಡ್ಡಕ್ಕೆ ಮುಗಿಯಿತು. ಕಾಗದದ ಮರದ ದಾರಿ ಎಲ್ಲ ದಿಕ್ಕಿಗೂ ಇದೆ. ಶಿವಮೊಗ್ಗದಿಂದ ಆಯನೂರು, ಕುಂಸಿ, ಚೋರಡಿ, ಆನಂದಪುರ ಎಂದು 70 ಕಿಲೋಮೀಟರ್‌ನಷ್ಟು ಸಾಗರದ ಕಡೆ ಹೋದರೆ ಸಾಕು. ರಸ್ತೆಬದಿ ಸಾಲುಹಿಡಿದು ನಿಂತ, ಕುಡುಗೋಲಿನಂತೆ ಬಾಗಿದ ಎಲೆಯ ಅಕೇಶಿಯಾ ಗುರುತಿಸುವುದು ಸುಲಭ. ಅದು ನಿಜವಾದ ಎಲೆಯಲ್ಲ, ಚಪ್ಪಟೆಯಾದ ತೊಟ್ಟು. ಬಿದ್ದದ್ದು ಬೇಗ ಕೊಳೆಯುವುದಿಲ್ಲ. ಕೆಳಗೆ ಹಪ್ಪಳದಂತೆ ಪದರ ಕಟ್ಟಿ, ಮಾರ್ಚ್ ಹೊತ್ತಿಗೆ ಒಂದು ಬೀಡಿ ತುಂಡಿಗೆ ಹೊತ್ತಿಕೊಳ್ಳುತ್ತದೆ. ದನಕ್ಕೆ ಮೇವಿಲ್ಲ, ತೋಟದ ಗೊಬ್ಬರಕ್ಕೆ ಸೊಪ್ಪು ತರುವ ಸೊಪ್ಪಿನ ಬೆಟ್ಟದ ಕೆಲಸಕ್ಕೂ ಬಾರದು.

ಗಿರಣಿಗಾಗಿ ಸುಮಾರು 30 ಸಾವಿರ ಹೆಕ್ಟೇರ್ ಅರಣ್ಯಭೂಮಿಯನ್ನು 1980ರಲ್ಲಿ 40 ವರ್ಷದ ಗುತ್ತಿಗೆಗೆ ಕೊಟ್ಟರು. ನೀಲಗಿರಿ, ಅಕೇಶಿಯಾ ನೆಟ್ಟು ಏಳೆಂಟು ವರ್ಷಕ್ಕೊಮ್ಮೆ ಕಡಿಯುವ ಲೆಕ್ಕ. 2020ರಲ್ಲಿ ಗುತ್ತಿಗೆ ಮುಗಿದಾಗ ಗಿರಣಿ ನಿಂತು ಐದು ವರ್ಷವಾಗಿತ್ತು. ಆದರೂ ಇನ್ನೂ 40 ವರ್ಷಕ್ಕೆ ನವೀಕರಿಸುವ ಆದೇಶ ಬಂತು. ಕಾಗದವಿಲ್ಲದ ಗಿರಣಿಗೆ ಕಾಡೇಕೆ ಎಂದು ಮಲೆನಾಡಿನವರು ಎದ್ದು ನಿಂತರು. ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂಬ ಹೋರಾಟ ಆಗಿನದು.

ಈ ತೋಪಿನಲ್ಲಿ ನಿಂತಾಗಲೇ ಗಿರಣಿ ಏಕೆ ಸೊರಗಿತು ಎಂಬುದರ ಒಂದು ಮುಖ್ಯ ಎಳೆ ಹಿಡಿಯಲು ಸಿಗುವುದು. ಮಾತೆತ್ತಿದರೆ ಆಮದು ಕಾಗದದ ಮೇಲೆ ದೂರು. ನಿಜ, 1995ರಲ್ಲಿ ಪತ್ರಿಕಾ ಕಾಗದದ ಆಮದು ಮುಕ್ತವಾದ ಮೇಲೆ ಕಟ್ಟಿಟ್ಟ ಗಿರಾಕಿ ಇಲ್ಲವಾದ. ಆದರೆ ಮಲೆನಾಡಿನ ಗಿರಣಿಗೆ ಮಳೆಗಾಲವೂ ಒಬ್ಬ ವ್ಯಾಪಾರಿಯೇ, ಸಾಲ ಕೊಡದ ವ್ಯಾಪಾರಿ. ಜೂನ್ ಮೊದಲ ವಾರದಿಂದ ಇಂಥ ಕೆಂಪುಮಣ್ಣಿನ ದಾರಿಗೆ ಲಾರಿ ಇಳಿಸಿದರೆ ಅಚ್ಚಿನವರೆಗೆ ಹೂತು ಹೋಗುತ್ತದೆ. ಮೇ ಕೊನೆಯೊಳಗೆ ನಾಲ್ಕು ತಿಂಗಳ ಮರ ಅಂಗಳದಲ್ಲಿ ಬಿದ್ದಿರಬೇಕು. ಮಲೆನಾಡಿನ ಮನೆಯವರು ಮಳೆಗಾಲಕ್ಕೆ ಕಟ್ಟಿಗೆ ಒಟ್ಟುವುದು ಹೇಗೋ ಹಾಗೆ. ಕಡಿಯುವ ಕೂಲಿ, ಸಾಗಣೆ ಎಲ್ಲವೂ ಬೇಸಿಗೆಯಲ್ಲೇ ಕೈಯಿಂದ ಹೋಗುತ್ತದೆ, ಕಾಗದ ಮಾರಿ ಹಣ ಬರುವುದು ಅಕ್ಟೋಬರಿಗೆ. ಏಪ್ರಿಲ್‌ನಲ್ಲಿ ದುಡಿಯುವ ಬಂಡವಾಳ ಇಲ್ಲದ ಗಿರಣಿ ಆಗಸ್ಟ್‌ನಲ್ಲಿ ಮರವಿಲ್ಲದೆ ನಿಲ್ಲುತ್ತದೆ. ನಿಂತ ತಿಂಗಳಲ್ಲೂ ಸಂಬಳ, ಬಡ್ಡಿ ನಿಲ್ಲುವುದಿಲ್ಲ. ಮುಂದಿನ ಏಪ್ರಿಲಿಗೆ ಹಣ ಇನ್ನೂ ಕಡಿಮೆ. ಒಮ್ಮೆ ಈ ಸುಳಿಗೆ ಬಿದ್ದ ಮೇಲೆ ಒಳ್ಳೆಯ ಯಂತ್ರವಿದ್ದರೂ ಮೇಲೆ ಬರುವುದು ಕಷ್ಟ.

ಒಟ್ಟಿದ್ದೂ ಪೂರ್ತಿ ದಕ್ಕುವುದಿಲ್ಲ. ಮಳೆ ನೆನೆದ ಮರಕ್ಕೆ ಬೂಷ್ಟು ಹಿಡಿದು ತಿರುಳು ಕಡಿಮೆಯಾಗುತ್ತದೆ, ಬಣ್ಣ ಮಾಸುತ್ತದೆ, ಬಿಳುಪುಗೊಳಿಸಲು ಕ್ಲೋರಿನ್ ಹೆಚ್ಚು ಬೇಕಾಗುತ್ತದೆ. ಸಿಪ್ಪೆ ಸುಲಿಯುವುದಕ್ಕೂ ಹೊತ್ತುಗೊತ್ತಿದೆ. ಕಡಿದ ಎರಡು ಮೂರು ದಿನದೊಳಗೆ ಹಸಿ ಸಿಪ್ಪೆ ಕತ್ತಿಯ ಬೆನ್ನಿನಿಂದ ಕುಟ್ಟಿದರೆ ಬಾಳೆಪಟ್ಟೆಯಂತೆ ಎದ್ದು ಬರುತ್ತದೆ. ಒಣಗಿದರೆ ಮರಕ್ಕೇ ಅಂಟಿಕೊಳ್ಳುತ್ತದೆ. ಆ ಸಿಪ್ಪೆ ಡೈಜೆಸ್ಟರಿಗೆ ಹೋದರೆ ಕಾಗದದ ಮೇಲೆ ಕರಿ ಚುಕ್ಕೆ. ರಾಶಿಯ ಗುಣ ನಿರ್ಧಾರವಾಗುವುದು ಭದ್ರಾವತಿಯ ಪ್ರಯೋಗಾಲಯದಲ್ಲಲ್ಲ, ಇಲ್ಲಿ, ಕೂಲಿಯವರ ಕತ್ತಿಯ ಬೆನ್ನಿನಲ್ಲಿ.

ತೋಪಿನೊಳಗೆ ಕಾಲಿಡುವವರು ಒಂದು ಮಾತು ನೆನಪಿಡಿ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರ್‌ನಿಂದ ಮೇವರೆಗೆ ಅದನ್ನು ಹರಡುವ ಉಣುಗು ಕಚ್ಚುವ ಕಾಲ. ತೋಳು, ಕಾಲು ಮುಚ್ಚುವ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆಯ ಮೇಲೆ ಕೂರಬೇಡಿ, ವಾಪಸ್ಸು ಬಂದೊಡನೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಕುದಿಸಿ. ಹತ್ತಿರದಲ್ಲಿ ಮಂಗ ಸತ್ತಿದ್ದು ಕಂಡರೆ ಮುಟ್ಟದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಅಕೇಶಿಯಾ ಕಡಿದರೆ ನೀಲಗಿರಿಯಂತೆ ಬುಡದಿಂದ ಹುರುಪಾಗಿ ಚಿಗುರುವುದಿಲ್ಲ, ಆದರೆ ಬೀಜ ಉದುರಿ ವರ್ಷಗಟ್ಟಲೆ ಮಣ್ಣಿನಲ್ಲಿ ಕಾಯುತ್ತದೆ. ಬೆಂಕಿ ಬಿದ್ದ ಮರುವರ್ಷ ಸಸಿಗಳು ಒತ್ತಾಗಿ ಏಳುತ್ತವೆ. ಆ ಜಾಗದಲ್ಲಿ ಮತ್ತಿ, ಹೊನ್ನೆ, ನೇರಳೆ ಬರಬೇಕೆಂದರೆ ಮೊದಲ ಮಳೆಗಾಲದಲ್ಲೇ, ಮಣ್ಣು ಮೆತ್ತಗಿರುವಾಗ, ಅಕೇಶಿಯಾ ಸಸಿಗಳನ್ನು ಬೇರುಸಹಿತ ಕೀಳಬೇಕು. ಎರಡನೇ ವರ್ಷಕ್ಕೆ ಕೈಗೆ ಬಗ್ಗುವುದಿಲ್ಲ, ಕತ್ತಿಯೇ ಬೇಕು.

ಸಾಗರಕ್ಕೆ ಮುಂಚೆ ರಸ್ತೆಬದಿಯ ಯಾವುದಾದರೂ ಮನೆಯ ಬಚ್ಚಲ ಹಿಂದಿನ ಕಟ್ಟಿಗೆ ಕೊಟ್ಟಿಗೆಯನ್ನು ನೋಡಿ. ಮಳೆಗಾಲಕ್ಕೆಂದು ಒಟ್ಟಿದ್ದರಲ್ಲಿ ಉಳಿದ ಸಾಲುಗಳು ಹಂಡೆ ಒಲೆಗಾಗಿ ಕಾದಿರುತ್ತವೆ. ತುಂಡುಗಳು ಹೆಚ್ಚಾಗಿ ಅಕೇಶಿಯಾದವು, ತೋಳಿನಷ್ಟು ದಪ್ಪ. ಯಾವುದರ ಸಿಪ್ಪೆಯನ್ನೂ ಸುಲಿದಿರುವುದಿಲ್ಲ.